ನಾಲ್ಕು ಚೀಲ ಮಣ್ಣು: ಇಟ್ಟಂಗಿಗೆ ಆಗುತ್ತದೋ, ಹಂಚಿಗೆ ಆಗುತ್ತದೋ

ಇಟ್ಟಂಗಿ ಭಟ್ಟಿ ಹಾಕಬೇಕು ಎನ್ನುವವರು ನಮ್ಮ ಲ್ಯಾಬಿಗೆ ಮಣ್ಣು ತೋರಿಸಲು ಬಂದಾಗ ಹೆಚ್ಚಿನವರ ಕೈಯಲ್ಲಿ ಆಗಲೇ ಒಂದು ರಾಸಾಯನಿಕ ವರದಿ ಇರುತ್ತದೆ. ಸಿಲಿಕಾ ಇಷ್ಟು, ಅಲ್ಯೂಮಿನಾ ಇಷ್ಟು, ಕಬ್ಬಿಣ ಇಷ್ಟು, ಸುಣ್ಣ ಇಷ್ಟು. ಎಲ್ಲ ಅಂಕಿಗಳೂ ಪುಸ್ತಕದ ಮಿತಿಯೊಳಗೇ. ಅದೇ ಮಣ್ಣಿನಲ್ಲಿ ಹಾಕಿದ ಇಟ್ಟಂಗಿ ಮಾತ್ರ ಮೂರನೇ ದಿನ ಒಣಗಿಸುವ ಕಣದಲ್ಲೇ ಸೀಳಿ ಬಿದ್ದಿರುತ್ತದೆ. ವರದಿ ಸುಳ್ಳು ಹೇಳಿರುವುದಿಲ್ಲ. ಎರೆ ಮಣ್ಣಿನ ಮಾಂಟ್‌ಮೊರಿಲೊನೈಟ್ ಎಂಬ ಜೇಡಿ ಖನಿಜದಲ್ಲಿ ಇರುವುದೂ ಸಿಲಿಕಾ-ಅಲ್ಯೂಮಿನಾ, ಬೀದರಿನ ಕೆಂಪು ಜೇಡಿಯ ಕಯೋಲಿನೈಟ್ ಎಂಬ ಖನಿಜದಲ್ಲಿ ಇರುವುದೂ ಸಿಲಿಕಾ-ಅಲ್ಯೂಮಿನಾ. ಒಂದು ನೀರು ಕುಡಿದು ಉಬ್ಬುತ್ತದೆ, ಇನ್ನೊಂದು ಉಬ್ಬುವುದಿಲ್ಲ. ಸುಣ್ಣದ ಮಾತೂ ಹಾಗೆಯೇ. ಹಿಟ್ಟಿನಂತೆ ಬೆರೆತ ಸುಣ್ಣಕ್ಕೂ ಜೋಳದ ಕಾಳಿನಷ್ಟು ಹರಳಾಗಿ ಕೂತ ಸುಣ್ಣಕ್ಕೂ ವರದಿಯಲ್ಲಿ ಒಂದೇ ಅಂಕಿ. ಅದಕ್ಕೇ ನಾವು ರಾಸಾಯನಿಕ ವಿಶ್ಲೇಷಣೆಯನ್ನು ಕೊನೆಗೆ ಇಡುತ್ತೇವೆ. ಮೊದಲು ಸುಣ್ಣ, ಆಮೇಲೆ ಉಬ್ಬು, ಆಮೇಲೆ ಒಣಗುವಿಕೆ, ಆಮೇಲೆ ಬೆಂಕಿ. ಮೊದಲ ಮೂರಕ್ಕೆ ತಗಲುವ ಖರ್ಚು ಒಂದು ಬಾಟಲಿ ಆಮ್ಲ, ಒಂದಿಷ್ಟು ಚಿಮಣಿ ಎಣ್ಣೆ (ಸೀಮೆಎಣ್ಣೆ), ನಾಲ್ಕು ಮರದ ಅಚ್ಚು.

ಈ ಸಲ ನೋಡಿದ್ದು ನಾಲ್ಕು ಮಣ್ಣು. ಒಂದನೆಯದು ಸೇಡಂ ಕಡೆ ಕಾಗಿಣಾ ದಂಡೆಯ ಮೆಕ್ಕಲು. ಎರಡನೆಯದು ಕಲಬುರಗಿ ಹೊರವಲಯದ ತೊಗರಿ ಹೊಲದ ಎರೆ. ಮೂರನೆಯದು ಬೀದರ್-ಹುಮನಾಬಾದ್ ನಡುವೆ ಜಂಬಿಟ್ಟಿಗೆ ಪದರದ ಕೆಳಗೆ ಸಿಗುವ, ಕೆಂಪು-ಬಿಳಿ ಮಚ್ಚೆಯ ಮೆತ್ತನೆ ಜೇಡಿ. ನಾಲ್ಕನೆಯದು ಯಾದಗಿರಿ ಕಡೆಯ ಒಂದು ಕೆರೆಯ ಗೋಡು. ನಾಲ್ಕರ ಹುಟ್ಟೂ ಬೇರೆ ಬೇರೆ. ಎರೆಯ ತಾಯಿ ದಖ್ಖನ್ ಕರಿಕಲ್ಲು (ಬಸಾಲ್ಟ್), ಜಂಬಿಟ್ಟಿಗೆಯದೂ ಅದೇ ಕರಿಕಲ್ಲು, ಆದರೆ ಮಳೆಯಲ್ಲಿ ತೊಳೆದು ತೊಳೆದು ಸುಣ್ಣ-ಸೋಡವೆಲ್ಲ ಹೋಗಿ ಕಬ್ಬಿಣ-ಅಲ್ಯೂಮಿನಾ ಉಳಿದದ್ದು. ಕಾಗಿಣಾ ಹರಿಯುವುದು ಸುಣ್ಣಕಲ್ಲಿನ ಮೇಲೆ, ಶಹಾಬಾದ್ ಫರಸಿ ತೆಗೆಯುವ ಅದೇ ಪದರ. ಯಾದಗಿರಿಯ ಕೆರೆಗೆ ಬಂದು ಕೂಡುವುದು ಗ್ರಾನೈಟ್ ಗುಡ್ಡಗಳ ಪುಡಿ. ಎಲ್ಲಿ ಏನು ಕೆಡಬಹುದು ಎಂಬುದರ ಅರ್ಧ ಉತ್ತರ ಇಷ್ಟರಲ್ಲೇ ಇದೆ.

ಮಣ್ಣು ತೆಗೆಯುವಾಗ ಅವಸರ ಮಾಡಿದರೆ ಮುಂದಿನದೆಲ್ಲ ವ್ಯರ್ಥ. ಒಂದು ಎಕರೆಯಲ್ಲಿ ಒಂದು ಮೀಟರ್ ಆಳ ತೋಡಿದರೆ ಸುಮಾರು 4,000 ಘನ ಮೀಟರ್ ಮಣ್ಣು. ಅದಷ್ಟರ ಪರವಾಗಿ ಮಾತಾಡಬೇಕಾದದ್ದು 25 ಕೆಜಿಯ ಒಂದು ಚೀಲ. ಎಕರೆಗೆ ಐದು ಗುಂಡಿ, ನಾಲ್ಕು ಮೂಲೆಗೆ ನಾಲ್ಕು, ನಡುವೆ ಒಂದು, ಒಂದೂವರೆ ಮೀಟರ್ ಆಳ. ಮೇಲಿನ ಒಂದಡಿ ಬೇರು-ಗೊಬ್ಬರದ ಮಣ್ಣು ಪಕ್ಕಕ್ಕೆ. ಅದು ಭಟ್ಟಿಗೆ ಬೇಡ, ಹೊಲಕ್ಕೆ ವಾಪಸು ಹೋಗಬೇಕು. ಗುಂಡಿಯ ಗೋಡೆಯನ್ನು ಮೇಲಿನಿಂದ ಕೆಳಗೆ ಒಂದೇ ಸಮ ಅಗಲಕ್ಕೆ ಸಲಿಕೆಯಿಂದ ಕೆರೆದು ತೆಗೆಯುತ್ತೇವೆ. ಬಣ್ಣ ಬದಲಾದಲ್ಲಿ ಚೀಲವೂ ಬೇರೆ. ಐದು ಗುಂಡಿಯ ಮಣ್ಣನ್ನು ತಾಡಪತ್ರಿಯ ಮೇಲೆ ಸುರಿದು, ಹೆಂಟೆ ಒಡೆದು, ಗುಡ್ಡೆ ಮಾಡಿ, ರೊಟ್ಟಿಯಂತೆ ಚಪ್ಪಟೆ ಮಾಡಿ, ನಾಲ್ಕು ಪಾಲು ಹಾಕಿ, ಎದುರು ಬದುರಿನ ಎರಡು ಪಾಲು ಬಿಟ್ಟು ಉಳಿದೆರಡನ್ನು ಮತ್ತೆ ಕೂಡಿಸುತ್ತೇವೆ. 25 ಕೆಜಿಗೆ ಇಳಿಯುವವರೆಗೆ ಇದೇ ಕೆಲಸ. ಚೀಟಿ ಚೀಲದ ಒಳಗೊಂದು, ಹೊರಗೊಂದು. ಹೊರಗಿನದು ಟಂಟಂನಲ್ಲಿ ಕಲಬುರಗಿ ಮುಟ್ಟುವುದರೊಳಗೆ ಹರಿದು ಹೋಗುವುದು ಇದ್ದದ್ದೇ.

ಬೀದರಿನ ಜೇಡಿ ಮತ್ತು ಎರೆ ಎರಡನ್ನೂ ನೆರಳಲ್ಲಿ ಗಾಳಿಗೆ ಒಣಗಿಸಬೇಕು, ಓವನ್‌ನಲ್ಲಿ ಅಲ್ಲ. ಜಂಬಿಟ್ಟಿಗೆ ಸೀಮೆಯ ಮಣ್ಣು ಒಮ್ಮೆ ಓವನ್ ಕಂಡರೆ ಕಣಗಳು ಗಂಟುಕಟ್ಟಿಕೊಂಡು, ಮತ್ತೆ ಎಷ್ಟು ನೀರು ಹಾಕಿದರೂ ಮೊದಲಿನ ಜಿಗುಟು ಬರುವುದಿಲ್ಲ. ಆಮೇಲೆ ಬರುವ ಅಂಕಿಗಳು ಓವನ್ನಿನವು, ಹೊಲದವಲ್ಲ.

ಹಾಳುಮಣ್ಣಿನ ಬಗ್ಗೆ ಕೇಳುವವರು ಬಹಳ ಮಂದಿ. ಹಳೇ ಊರದಿಬ್ಬದ ಆ ಬೂದುಬಣ್ಣದ ಮಣ್ಣು ಮಾಳಿಗೆಯ ಮೇಲೆ ಹಾಕಲು ಒಳ್ಳೆಯದು. ಇಟ್ಟಂಗಿಗೆ ಬೇಡ. ಅದರಲ್ಲಿ ಬೂದಿ, ಉಪ್ಪು, ತಲೆಮಾರುಗಳ ದನದ ಗಂಜಲ ಎಲ್ಲ ಕೂಡಿದೆ. ಗೋಡೆ ಕಟ್ಟಿದ ಮೇಲೆ ಬಿಳಿ ಹೂವಾಗಿ ಹೊರಗೆ ಬರುತ್ತದೆ. ಕಾಲುವೆ ನೀರಾವರಿಯ ಕೆಳಗೆ ಸವಳು ಹಿಡಿದ ಹೊಲದ ಮಣ್ಣಿಗೂ ಇದೇ ಮಾತು.

ಹೊಲದಲ್ಲೇ ಮಾಡುವ ಪರೀಕ್ಷೆಗಳು ಹತ್ತು ನಿಮಿಷದವು. ಚಿಟಿಕೆ ಮಣ್ಣು ಮುಂದಿನ ಹಲ್ಲುಗಳ ನಡುವೆ ಇಟ್ಟು ಕಡಿದರೆ ಮರಳು ಕರಕರ ಎನ್ನುತ್ತದೆ, ನವಿರು ಹೂಳು ಸಣ್ಣಗೆ ಉಜ್ಜಿದಂತೆ, ಜೇಡಿ ಬೆಣ್ಣೆಯಂತೆ. ಹದ ಮಾಡಿದ ಮಣ್ಣನ್ನು ಹೆಬ್ಬೆರಳು-ತೋರುಬೆರಳ ನಡುವೆ ಪಟ್ಟಿಯಾಗಿ ತಳ್ಳಿದರೆ ಎರೆ 7-8 ಸೆಂಟಿಮೀಟರ್ ಜೋತಾಡುತ್ತದೆ. ಕಾಗಿಣಾ ಮೆಕ್ಕಲು ನಾಲ್ಕರಲ್ಲಿ ಮುರಿಯುತ್ತದೆ. ಕೆರೆಯ ಗೋಡು ಐದರ ಹತ್ತಿರ. ಚಾಕುವಿನಿಂದ ಒದ್ದೆ ಉಂಡೆ ಸೀಳಿದಾಗ ಕೊಯ್ದ ಮೈ ಹೊಳೆದರೆ ಜೇಡಿ ಹೆಚ್ಚು, ಮಂಕಾದರೆ ಹೂಳು ಹೆಚ್ಚು.

ಗಾಜಿನ ಬಾಟಲಿ ಪರೀಕ್ಷೆಯನ್ನು ಎಲ್ಲರೂ ಬಲ್ಲರು. ಅದರಲ್ಲಿ ಒಂದು ತಪ್ಪು ಮಾತ್ರ ಊರೆಲ್ಲ ಹರಡಿದೆ. ಒಂದು ಭಾಗ ಮಣ್ಣು, ಎರಡು ಭಾಗ ನೀರು, ಚಿಟಿಕೆ ಅಡುಗೆ ಉಪ್ಪು ಹಾಕಿ ಅಲುಗಿಸಿ ಎನ್ನುತ್ತಾರೆ. ಉಪ್ಪು ಹಾಕಿದರೆ ಜೇಡಿಯ ಕಣಗಳು ಒಂದಕ್ಕೊಂದು ಅಂಟಿ ಹೂಳಿನ ಜೊತೆಗೇ ಕೆಳಗೆ ಕೂರುತ್ತವೆ. ನೀರು ಬೇಗ ತಿಳಿಯಾಗುತ್ತದೆ, ಅಳತೆ ಕೆಡುತ್ತದೆ. ಹಾಕಬೇಕಾದದ್ದು ವಾಷಿಂಗ್ ಸೋಡಾ, ಲೀಟರಿಗೆ ಅರ್ಧ ಚಮಚ. ಲ್ಯಾಬಿನಲ್ಲಾದರೆ ಸೋಡಿಯಂ ಹೆಕ್ಸಾಮೆಟಾಫಾಸ್ಫೇಟ್. ರಾತ್ರಿ ನೆನೆಸಿ, ಬೆಳಿಗ್ಗೆ ಚೆನ್ನಾಗಿ ಅಲುಗಿಸಿ ಇಟ್ಟರೆ 10 ಸೆಂಟಿಮೀಟರ್ ನೀರಲ್ಲಿ ಮರಳು ಮುಕ್ಕಾಲು ನಿಮಿಷದಲ್ಲಿ ತಳ ಸೇರುತ್ತದೆ. 2 ಮೈಕ್ರಾನಿನ (ಮಿಲಿಮೀಟರಿನ ಸಾವಿರದಲ್ಲಿ ಎರಡು ಪಾಲು) ಕಣಕ್ಕೆ ಅಷ್ಟೇ ದೂರ ಇಳಿಯಲು 20 ಡಿಗ್ರಿ ನೀರಿನಲ್ಲಿ ಸುಮಾರು 8 ಗಂಟೆ ಬೇಕು. ನಮ್ಮ ಬೇಸಿಗೆಯ 30 ಡಿಗ್ರಿ ನೀರಿನಲ್ಲಿ ಸುಮಾರು 6 ಗಂಟೆ ಸಾಕು. ಆಮೇಲೂ ನೀರಲ್ಲಿ ತೇಲುತ್ತಿರುವುದೇ ಜೇಡಿ. ಕೈಯಿಂದ ಹಾಕುವ ಇಟ್ಟಂಗಿಗೆ ಭಾರತೀಯ ಮಾನಕ (ಐಎಸ್) 2117 ಹೇಳುವುದು ಜೇಡಿ ಶೇ 20-30, ಹೂಳು ಶೇ 20-35, ಮರಳು ಶೇ 35-45. ಕಾಗಿಣಾ ಮೆಕ್ಕಲು ಇದರೊಳಗೆ ಸರಿಯಾಗಿ ಕೂತಿತು. ಎರೆಯಲ್ಲಿ ಜೇಡಿ ಅರ್ಧಕ್ಕಿಂತ ಹೆಚ್ಚು.

ಕಾಗಿಣಾ ಮಣ್ಣು ಸರಿಯಾಗಿದೆ ಎಂದು ಅಲ್ಲಿಗೇ ಬಿಟ್ಟಿದ್ದರೆ ಮೋಸ ಹೋಗುತ್ತಿದ್ದೆವು. ಗುಂಡಿ ತೋಡುವಾಗ ಭಟ್ಟಿಯ ಮೇಸ್ತ್ರಿ ಸಲಿಕೆಯ ತುದಿಯಿಂದ ಗೋಡೆ ಕೆರೆದು ಒಂದು ಮಾತು ಹೇಳಿದ್ದರು: “ಸರ, ಇದ್ರಾಗ ಬಿಳಿ ಹಳ್ಳ ಅದಾವ್ರಿ. ಸುಟ್ಟಾಗ ಛಲೋ ಕಾಣ್ತಾವ, ಮಳಿ ಬಿದ್ದ ಮ್ಯಾಲ ಹಲ್ಲು ಕಿರಿತಾವ.” ಹಳ್ಳ ಎಂದರೆ ಸುಣ್ಣದ ಹರಳು. ಲ್ಯಾಬಿನಲ್ಲಿ ಎರಡು ವಾರ ಹಿಡಿದದ್ದು ಈ ಮಾತನ್ನು ಅಂಕಿಗೆ ಇಳಿಸಲಿಕ್ಕೆ, ಅಷ್ಟೇ.

ಸುಣ್ಣ ನೋಡುವುದು ಎರಡು ಸಲ. ಒಮ್ಮೆ ಹಿಟ್ಟಾಗಿ ಬೆರೆತದ್ದು, ಇನ್ನೊಮ್ಮೆ ಹರಳಾಗಿ ಇರುವುದು. ಬೆರೆತದ್ದಕ್ಕೆ: 10 ಗ್ರಾಂ ಒಣ ಮಣ್ಣನ್ನು ಪುಡಿ ಮಾಡಿ ಬೀಕರಿಗೆ ಹಾಕಿ, ಪಕ್ಕದಲ್ಲಿ ಸಣ್ಣ ಬಾಟಲಿಯಲ್ಲಿ ತೆಳು ಹೈಡ್ರೋಕ್ಲೋರಿಕ್ ಆಮ್ಲ ಇಟ್ಟು, ಎರಡನ್ನೂ ಒಟ್ಟಿಗೆ ತೂಗುತ್ತೇವೆ. ಆಮ್ಲವನ್ನು ನಿಧಾನ ಹನಿಸಿ, ನೊರೆ ನಿಲ್ಲುವವರೆಗೆ ಕಾದು, ಬೀಕರಿನೊಳಗೆ ಒಮ್ಮೆ ಗಾಳಿ ಊದಿ ಮತ್ತೆ ತೂಕ. ಗಾಳಿ ಊದುವುದನ್ನು ಮರೆತರೆ ಇಂಗಾಲದ ಡೈಆಕ್ಸೈಡ್ ಭಾರವಾದ್ದರಿಂದ ಬೀಕರಿನಲ್ಲೇ ಕೂತು ತೂಕ ತಪ್ಪುತ್ತದೆ. ಕಡಿಮೆಯಾದ ತೂಕವನ್ನು 0.44ರಿಂದ ಭಾಗಿಸಿದರೆ ಸುಣ್ಣಕಲ್ಲಿನ ತೂಕ. 0.66 ಗ್ರಾಂ ಕಡಿಮೆಯಾದರೆ 1.5 ಗ್ರಾಂ ಸುಣ್ಣಕಲ್ಲು, ಅಂದರೆ ಶೇ 15. ಲ್ಯಾಬ್ ಇಲ್ಲದವರು ನಿಂಬೆರಸ ಹಿಂಡಿ ನೋಡಬಹುದು. ನೊರೆ ಕಾಣುತ್ತದೆ, ಅಂಕಿ ಬರುವುದಿಲ್ಲ.

ಹರಳಿಗೆ: 1 ಕೆಜಿ ಮಣ್ಣನ್ನು ರಾತ್ರಿ ನೆನೆಹಾಕಿ, 75 ಮೈಕ್ರಾನ್ ಜರಡಿಯ ಮೇಲೆ ನಲ್ಲಿ ನೀರಲ್ಲಿ ತೊಳೆದು, ಉಳಿದದ್ದನ್ನು ಒಣಗಿಸಿ ಮತ್ತೆ 1 ಮಿಲಿಮೀಟರ್, 2 ಮಿಲಿಮೀಟರ್ ಜರಡಿಯಲ್ಲಿ ಬೇರೆ ಮಾಡುತ್ತೇವೆ. ಪ್ರತಿ ಪಾಲಿನ ಮೇಲೂ ಆಮ್ಲದ ಹನಿ. ಕಾಗಿಣಾ ಮಣ್ಣಿನ ಬೆರೆತ ಸುಣ್ಣ ತೀರಾ ಹೆಚ್ಚೇನೂ ಇರಲಿಲ್ಲ. 2 ಮಿಲಿಮೀಟರ್ ಜರಡಿಯ ಮೇಲೆ ನಿಂತ ಒಂದು ಹಿಡಿ ಕಾಳುಗಳಲ್ಲಿ ಮಾತ್ರ ಅರ್ಧಕ್ಕರ್ಧ ಸುರ್ರೆಂದು ನೊರೆ ಎದ್ದವು.

ಇದು ಬೆಂಕಿಯಲ್ಲಿ ಏನು ಮಾಡುತ್ತದೆ ಎಂದರೆ, ಸುಣ್ಣಕಲ್ಲು 850-900 ಡಿಗ್ರಿ ಹೊತ್ತಿಗೆ ಸುಟ್ಟು ಸುಡುಸುಣ್ಣವಾಗುತ್ತದೆ. ಭಟ್ಟಿಯಿಂದ ಹೊರಬಂದ ಇಟ್ಟಂಗಿ ನೋಡಲು ಕುಂಕುಮದಷ್ಟು ಕೆಂಪು, ಬಡಿದರೆ ಠಣ್ ಎನ್ನುತ್ತದೆ. ನಾವು ಅಂಥ ಮೂರು ತುಂಡನ್ನು ಒದ್ದೆ ಗೋಣಿಚೀಲದ ಮೇಲೆ ಇಟ್ಟು ಇನ್ನೊಂದು ಒದ್ದೆ ಗೋಣಿ ಹೊದಿಸಿದೆವು. ಮೊದಲ ದಿನ ಏನಿಲ್ಲ. ಎರಡನೇ ದಿನ ಬೆಳಿಗ್ಗೆ ಒಂದರ ಮೈಮೇಲೆ ಕೂದಲೆಳೆಯ ಉಂಗುರ, ಎಂಟಾಣೆ ಅಗಲದ್ದು. ಸಂಜೆಗೆ ಆ ಉಂಗುರದೊಳಗಿನ ಚಿಪ್ಪು ಎದ್ದು ಬಂತು. ಚಿಪ್ಪಿನ ಅಡಿಯಲ್ಲಿ, ತಗ್ಗಿನ ನಟ್ಟನಡುವೆ, ಕಡಲೆ ಬೇಳೆಯಷ್ಟು ಬಿಳಿ ಕಣ್ಣು. ಬೆರಳಲ್ಲಿ ಒತ್ತಿದರೆ ವಿಭೂತಿಯಂತೆ ಪುಡಿ. ಸುಡುಸುಣ್ಣ ಗಾಳಿಯ ತೇವ ಕುಡಿದು ಅರಳುವಾಗ ಗಾತ್ರ ಹತ್ತಿರ ಹತ್ತಿರ ಎರಡು ಪಟ್ಟಾಗುತ್ತದೆ, ಎದುರಿಗಿದ್ದದ್ದನ್ನು ಒಡೆದು ದಾರಿ ಮಾಡಿಕೊಳ್ಳುತ್ತದೆ. ಗಿಲಾಯಿ ಮಾಡಿದ ಗೋಡೆಯೊಳಗೆ ಇದೇ ಆದರೆ ಸಿಮೆಂಟನ್ನು ಬೈಯುತ್ತಾರೆ.

ದಾರಿ ಮೂರಿವೆ. ಮಣ್ಣನ್ನು ಒಣಗಿಸಿ, ಹರಳು 1 ಮಿಲಿಮೀಟರಿಗಿಂತ ಸಣ್ಣದಾಗುವಂತೆ ರೋಲರ್‌ನಲ್ಲಿ ಅರೆಯುವುದು ಎಲ್ಲಕ್ಕಿಂತ ಖಾತ್ರಿ. ಪುಡಿ ಸುಣ್ಣ ಒಡೆಯುವುದಿಲ್ಲ, 1,000 ಡಿಗ್ರಿ ದಾಟಿದರೆ ಸಿಲಿಕಾದೊಡನೆ ಕೂಡಿಕೊಂಡು ಗಟ್ಟಿಯೂ ಆಗುತ್ತದೆ. ಬಣ್ಣ ಮಾತ್ರ ಕೆಂಪಿನಿಂದ ಮಾಸಲು ಹಳದಿಗೆ ಹೋಗುತ್ತದೆ. ಎರಡನೆಯದು, ಭಟ್ಟಿಯಿಂದ ತೆಗೆದ ಇಟ್ಟಂಗಿಯನ್ನು ಕೂಡಲೇ ನೀರಲ್ಲಿ ಪೂರ್ತಿ ಮುಳುಗಿಸಿಡುವುದು. ಸುಣ್ಣ ಒಮ್ಮೆಲೇ ಅರಳಿ ಕರಗಿ ಸಂದಿಗಳಿಗೆ ಹೋಗುತ್ತದೆ, ನಿಧಾನ ತೇವ ಕುಡಿದು ಉಬ್ಬಲು ಬಿಡುವುದಿಲ್ಲ. ಬೇಸಿಗೆಯಲ್ಲಿ ಟ್ಯಾಂಕರ್ ನೀರು ಕೊಳ್ಳುವ ಊರಲ್ಲಿ ಇದನ್ನು ಸಲಹೆ ಕೊಡಲು ನಮಗೇ ಸಂಕೋಚ. ಮೂರನೆಯದು, ಆ ಗುಂಡಿಯನ್ನು ಬಿಟ್ಟು ಹರಳಿಲ್ಲದ ಕಡೆ ತೋಡುವುದು.

ಉಬ್ಬಿನ ಪರೀಕ್ಷೆ ಐಎಸ್ 2720ರ 40ನೇ ಭಾಗದ್ದು. 425 ಮೈಕ್ರಾನ್ ಜರಡಿಯಿಂದ ಇಳಿದ ಮಣ್ಣು ಹತ್ತು ಹತ್ತು ಗ್ರಾಂ, 100 ಮಿಲಿಯ ಎರಡು ಅಳತೆಗಾಜು. ಒಂದರಲ್ಲಿ ಡಿಸ್ಟಿಲ್ಡ್ ನೀರು, ಇನ್ನೊಂದರಲ್ಲಿ ಚಿಮಣಿ ಎಣ್ಣೆ. ಕಡ್ಡಿಯಿಂದ ಕಲಕಿ ಗಾಳಿಗುಳ್ಳೆ ಬಿಡಿಸಿ 24 ಗಂಟೆ ಬಿಡಬೇಕು. ಎಣ್ಣೆಗೆ ಜೇಡಿಯ ಪದರಗಳ ನಡುವೆ ನುಗ್ಗುವ ಶಕ್ತಿಯಿಲ್ಲ, ಅಲ್ಲಿ ಮಣ್ಣು ಇದ್ದಷ್ಟೇ ಇರುತ್ತದೆ. ಎರೆಯದು ಎಣ್ಣೆಯಲ್ಲಿ 11 ಮಿಲಿ, ನೀರಲ್ಲಿ 24 ಮಿಲಿ. 24ರಲ್ಲಿ 11 ಕಳೆದು 11ರಿಂದ ಭಾಗಿಸಿದರೆ ಶೇ 118. ಶೇ 50ರ ಒಳಗೆ ಕಡಿಮೆ, 100ರವರೆಗೆ ಮಧ್ಯಮ, 100 ದಾಟಿದರೆ ಹೆಚ್ಚು. ಬೀದರ್ ಜೇಡಿ 12 ಮಿಲಿಯಲ್ಲಿ ನಿಂತಿತು, ಶೇ 9. ಕಾಗಿಣಾ ಶೇ 36, ಕೆರೆಯ ಗೋಡು ಶೇ 55. ಚಿಮಣಿ ಎಣ್ಣೆ ಈಗ ರೇಷನ್ ಅಂಗಡಿಯಲ್ಲಿ ಸಿಗದೆ, ಈ ಇಡೀ ಪರೀಕ್ಷೆಯಲ್ಲಿ ಹುಡುಕಾಡಿ ತರಬೇಕಾದ ವಸ್ತು ಅದೊಂದೇ ಆಗಿದೆ.

ಒಣಗುವಿಕೆಯಲ್ಲಿ ಮಣ್ಣಿನ ನಿಜ ಗುಣ ಗೊತ್ತಾಗುವುದು. ಪ್ರತಿ ಮಣ್ಣನ್ನು 48 ಗಂಟೆ ನೆನೆಹಾಕಿ, ತುಳಿದು, ಕೈಗೆ ಅಂಟದ ಹದಕ್ಕೆ ತಂದು 140×30×15 ಮಿಲಿಮೀಟರಿನ ಮರದ ಅಚ್ಚಿನಲ್ಲಿ 15 ಪಟ್ಟಿ ಹಾಕುತ್ತೇವೆ. ಎಷ್ಟು ನೀರು ಹಿಡಿಯಿತು ಎಂಬುದನ್ನು ತೂಗಿ ಬರೆಯಬೇಕು. ಎರೆ ತನ್ನ ಒಣ ತೂಕದ ಶೇ 40ರಷ್ಟು ನೀರು ಕುಡಿದೇ ಹದಕ್ಕೆ ಬಂತು, ಬೀದರ್ ಜೇಡಿ ಶೇ 26ಕ್ಕೆ. ಅಚ್ಚಿಗೆ ಒಣ ಮರಳು ಉದುರಿಸಿ, ಮಣ್ಣನ್ನು ಒಂದೇ ಏಟಿಗೆ ಎಸೆದು ತುಂಬಬೇಕು. ತುಂಡು ತುಂಡಾಗಿ ಒತ್ತಿದರೆ ಕೂಡಿದ ಜಾಗದಲ್ಲೇ ಬಿರುಕು ಬಿಟ್ಟು ಮಣ್ಣಿನ ಮೇಲೆ ತಪ್ಪು ಬರುತ್ತದೆ. ಹಸಿ ಪಟ್ಟಿಯ ಮೇಲೆ ವರ್ನಿಯರ್‌ನಿಂದ ಸರಿಯಾಗಿ 100 ಮಿಲಿಮೀಟರ್ ಅಂತರಕ್ಕೆ ಎರಡು ಗೆರೆ ಬ್ಲೇಡಿನಿಂದ ಎಳೆಯುತ್ತೇವೆ. ನಂಬರನ್ನೂ ಮೊಳೆಯಿಂದ ಕೊರೆಯಬೇಕು. ಸ್ಕೆಚ್‌ಪೆನ್ನಿನ ಶಾಯಿ ಬೆಂಕಿಯಲ್ಲಿ ಉಳಿಯುವುದಿಲ್ಲ. ಆರು ಗಂಟೆಗೊಮ್ಮೆ ಮಗುಚಿ ಹಾಕದಿದ್ದರೆ ಮೇಲ್ಮೈ ಮೊದಲು ಕುಗ್ಗಿ ಪಟ್ಟಿ ದೋಣಿಯಂತೆ ಬಾಗುತ್ತದೆ.

ನೆರಳಲ್ಲಿ ಮೂರು ದಿನ, ಆಮೇಲೆ 105-110 ಡಿಗ್ರಿ ಓವನ್‌ನಲ್ಲಿ ತೂಕ ನಿಲ್ಲುವವರೆಗೆ. ಗೆರೆಗಳ ನಡುವಿನ ಅಂತರ ಬೀದರ್ ಜೇಡಿಯಲ್ಲಿ 95.5, ಕಾಗಿಣಾದಲ್ಲಿ 93, ಕೆರೆಯ ಗೋಡಿನಲ್ಲಿ 92, ಎರೆಯಲ್ಲಿ 86. ಕೈ ಇಟ್ಟಂಗಿಗೆ ನಾವು ಕುಗ್ಗುವಿಕೆಯನ್ನು ಶೇ 8ರ ಮೇಲೆ ಹೋಗಲು ಬಿಡುವುದಿಲ್ಲ. ಎರೆಯ ಶೇ 14 ಎಂದರೆ 230 ಮಿಲಿಮೀಟರ್ ಇಟ್ಟಂಗಿ 32 ಮಿಲಿಮೀಟರ್ ಕಳೆದುಕೊಂಡಂತೆ. ಒಂದೇ ಸಮ ಕುಗ್ಗಿದರೆ ಅಚ್ಚು ದೊಡ್ಡದು ಮಾಡಿ ಸುಮ್ಮನಿರಬಹುದಿತ್ತು. ಹಾಗಾಗುವುದಿಲ್ಲ. ಹೊರಮೈ ಒಣಗಿ ಕುಗ್ಗುವಾಗ ಒಡಲು ಇನ್ನೂ ಒದ್ದೆ. ನವಿರು ಜೇಡಿಯಲ್ಲಿ ನೀರಿಗೆ ಹೊರಬರಲು ದಾರಿಯಿಲ್ಲ. ಅಂಗಿ ಬಿಗಿಯಾಗಿ ಹೊಲಿಗೆ ಬಿಟ್ಟಂತೆ ಹೊರಮೈ ಹರಿಯುತ್ತದೆ. ಮರಳೋ ಬೂದಿಯೋ ಬೆರೆಸುವುದು ಈ ದಾರಿ ಬಿಡಿಸಲಿಕ್ಕೇ.

ಪಟ್ಟಿಯ ಜೊತೆಗೆ ಪೂರ್ತಿ ಅಳತೆಯ ಇಟ್ಟಂಗಿ ಆರಾರು ಹಾಕಲೇಬೇಕು. ಮೂರು ಗೋಣಿ ಹೊದಿಸಿ ನೆರಳಲ್ಲಿ, ಮೂರು ಬಿಸಿಲು-ಗಾಳಿಗೆ. ಪಟ್ಟಿ ತೆಳ್ಳಗಿರುವುದರಿಂದ ಬಚಾವಾಗುತ್ತದೆ, ಇಟ್ಟಂಗಿ ಆಗುವುದಿಲ್ಲ. ಎರೆಯ ಮೂರೂ ಬಿಸಿಲಿನವು ಅದೇ ದಿನ ಸಂಜೆಗೆ ಮೂಲೆಯಿಂದ ಮೂಲೆಗೆ ಸೀಳಿದವು, ನೆರಳಿನಲ್ಲಿ ಎರಡು ಸೀಳಿದವು. ಕೆರೆಯ ಗೋಡು ಬಿಸಿಲಲ್ಲಿ ಅಂಚಿನಲ್ಲಷ್ಟೇ ಕೂದಲು ಬಿರುಕು. ಉಳಿದೆರಡಕ್ಕೆ ಏನೂ ಆಗಲಿಲ್ಲ. ಈ ಕೆಲಸ ಮಾಡಿದ್ದು ಜನವರಿಯಲ್ಲಿ. ಏಪ್ರಿಲ್‌ನ 42 ಡಿಗ್ರಿಯ ಬಿಸಿಗಾಳಿಯಲ್ಲಿ ಕೆರೆಯ ಗೋಡೂ ಸೀಳುತ್ತಿತ್ತು, ಆದ್ದರಿಂದ ಯಾವ ತಿಂಗಳು ನೋಡಿದ್ದು ಎಂಬುದನ್ನು ನಾವು ಹಾಳೆಯ ತಲೆಯಲ್ಲೇ ಬರೆಯುತ್ತೇವೆ. ಭಟ್ಟಿಯವರಿಗೆ ಉಪಯೋಗಕ್ಕೆ ಬರುವ ಒಂದು ಅಳತೆ: ಗೆರೆಗಳ ಅಂತರ ದಿನಕ್ಕೆರಡು ಸಲ ನೋಡುತ್ತಿದ್ದರೆ ಒಂದು ಹಂತದಲ್ಲಿ ಅದು ನಿಲ್ಲುತ್ತದೆ, ತೂಕ ಮಾತ್ರ ಇಳಿಯುತ್ತಿರುತ್ತದೆ. ಕಣಕ್ಕೆ ಕಣ ತಾಗಿದೆ, ಇನ್ನು ಕುಗ್ಗಲು ಜಾಗವಿಲ್ಲ ಎಂದರ್ಥ. ಅಲ್ಲಿಯವರೆಗೆ ಗೋಣಿ ತೆಗೆಯಬಾರದು. ಆಮೇಲೆ ಸುಡುಬಿಸಿಲಿಗೆ ಇಟ್ಟರೂ ಚಿಂತೆಯಿಲ್ಲ.

ಸುಡುವುದು ಲ್ಯಾಬಿನ ಕರೆಂಟ್ ಕುಲುಮೆ, ಅಂದರೆ ಮಫಲ್ ಫರ್ನೇಸಿನಲ್ಲಿ, 850, 900, 950, 1,000 ಡಿಗ್ರಿಗೆ ಮೂರು ಮೂರು ಪಟ್ಟಿ. ತಳಕ್ಕೆ ಮರಳಿನ ಹಾಸು, ಪಟ್ಟಿಗಳ ನಡುವೆ ಬೆರಳು ಸಂದಿ. ಗಂಟೆಗೆ 100 ಡಿಗ್ರಿಯಂತೆ 600ರವರೆಗೆ, ಆಮೇಲೆ 150ರಂತೆ, ಮೇಲೆ ಹೋದ ಮೇಲೆ 2 ಗಂಟೆ ನಿಲ್ಲಿಸಬೇಕು. 573 ಡಿಗ್ರಿಯಲ್ಲಿ ಮರಳಿನ ಸ್ಫಟಿಕ ಒಮ್ಮೆಲೇ ಹಿಗ್ಗುತ್ತದೆ, ಇಳಿಯುವಾಗ ಅಲ್ಲೇ ಕುಗ್ಗುತ್ತದೆ. ಅದಕ್ಕೇ 200 ಡಿಗ್ರಿಗೆ ಇಳಿಯುವವರೆಗೆ ಬಾಗಿಲು ತೆಗೆಯುವುದಿಲ್ಲ. ಒಂದು ಸಲ 700ರಲ್ಲಿ ಕರೆಂಟ್ ಹೋಗಿ, ಬಂದ ಮೇಲೆ ಯಂತ್ರ ಮೊದಲಿನಿಂದ ಎಣಿಸತೊಡಗಿತು. ಆ ಸುತ್ತಿನ ಪಟ್ಟಿಗಳು ನೋಡಲು ಚೆನ್ನಾಗಿಯೇ ಇದ್ದವು, ಆದರೂ ಲೆಕ್ಕಕ್ಕೆ ಹಿಡಿಯದೆ ಬಿಸಾಕಿದೆವು.

ಸುಟ್ಟ ಪಟ್ಟಿಯನ್ನು ಮೊದಲು ಅಡ್ಡ ಮುರಿದು ಒಡಲು ನೋಡಬೇಕು. ಕೆರೆಯ ಗೋಡಿನ ನಡುವೆ ಕಪ್ಪು ಪಟ್ಟೆ ಇತ್ತು. ಕೊಳೆತ ಎಲೆ-ಬೇರಿನ ಇಂಗಾಲ ಸುಟ್ಟುಹೋಗುವ ಮೊದಲೇ ಹೊರಮೈ ಮುಚ್ಚಿಕೊಂಡದ್ದು. 800 ಡಿಗ್ರಿಯಲ್ಲಿ ಒಂದು ಗಂಟೆ ಹೆಚ್ಚು ನಿಲ್ಲಿಸಿದಾಗ ಅದು ಹೋಯಿತು. ನಿಧಾನ ಸುಡುವ ಭಟ್ಟಿಯಲ್ಲಿ ಇದು ತೊಂದರೆಯೇ ಅಲ್ಲ. ನೀರು ಹೀರುವಿಕೆ ನೋಡಲು 24 ಗಂಟೆ ಮುಳುಗಿಸಿ, ಒರೆಸಿ, ಮೂರು ನಿಮಿಷದೊಳಗೆ ತೂಗಬೇಕು. ಐಎಸ್ 1077ರ ಪ್ರಕಾರ ಬಲದಲ್ಲಿ 12.5 ದರ್ಜೆಯವರೆಗಿನ ಇಟ್ಟಂಗಿಗೆ ಶೇ 20ರ ಮೇಲೆ ಹೋಗಬಾರದು. 900 ಡಿಗ್ರಿಯಲ್ಲಿ ಗೋಡು ಶೇ 15, ಕಾಗಿಣಾ ಶೇ 17. ಒಣಗುವಾಗ ಎಲ್ಲರಿಗಿಂತ ಒಳ್ಳೆಯದಾಗಿದ್ದ ಬೀದರ್ ಜೇಡಿ ಇಲ್ಲಿ ಸೋತಿತು: 900ರಲ್ಲಿ ಶೇ 21, 1,000 ಡಿಗ್ರಿಯಲ್ಲೂ ಶೇ 18. ಕಯೋಲಿನೈಟ್ ಬೆಂಕಿಗೆ ಬಗ್ಗುವ ಜಾತಿಯಲ್ಲ. ಕರಗಿಸಿ ಬೆಸೆಯುವ ಸೋಡಾ-ಪೊಟ್ಯಾಷ್ ಅದರಲ್ಲಿ ಕಡಿಮೆ. ತೊಗರಿ ಕಟ್ಟಿಗೆಯಲ್ಲಿ ಸುಡುವ ಬಯಲು ಭಟ್ಟಿಯ ಅಂಚಿನ ಸಾಲುಗಳು 800 ಡಿಗ್ರಿಯನ್ನೂ ಕಾಣುವುದಿಲ್ಲ. ಅಲ್ಲಿ ಈ ಜೇಡಿ ಒಂದನ್ನೇ ಹಾಕಿದರೆ ಉಗುರಲ್ಲಿ ಕೆರೆದರೆ ಉದುರುವ ಇಟ್ಟಂಗಿ ಸಿಗುತ್ತದೆ.

ಹೀಗೆ ಒಂದರ ಕೊರತೆ ಇನ್ನೊಂದರ ಬಳಿ ಇತ್ತು. ಮಿಶ್ರಣಗಳನ್ನು ಒಣ ತೂಕದ ಮೇಲೆ ಐದೈದು ಕೆಜಿ ಮಾಡಿದೆವು; ಪುಟ್ಟಿ ಲೆಕ್ಕದಲ್ಲಿ ಮಾಡಿದರೆ ಎರೆಯ ಹೆಂಟೆ ಮತ್ತು ಹಾರುಬೂದಿಯ ಒಂದೇ ಪುಟ್ಟಿ ಒಂದೇ ತೂಕವಲ್ಲ. ಎರೆ 40, ಬೀದರ್ ಜೇಡಿ 40, ಶಕ್ತಿನಗರದ ಕಲ್ಲಿದ್ದಲು ವಿದ್ಯುತ್ ಸ್ಥಾವರದ ಹಾರುಬೂದಿ 20 ಎಂಬ ಮಿಶ್ರಣ ಶೇ 7.5 ಕುಗ್ಗಿತು, ಬಿಸಿಲಲ್ಲೂ ಸೀಳಲಿಲ್ಲ, 900 ಡಿಗ್ರಿಯಲ್ಲಿ ಶೇ 18 ನೀರು ಹೀರಿತು. ಬೀದರಿನಿಂದ ಮಣ್ಣು ತರುವ ಲಾರಿ ಬಾಡಿಗೆ ಕೇಳಿದ ಮೇಲೆ ಅದನ್ನು ಯಾರೂ ಕಲಬುರಗಿಯಲ್ಲಿ ಮಾಡುವುದಿಲ್ಲ ಎಂದು ಗೊತ್ತಾಯಿತು. ಎರೆ 50, ಕರಿಕಲ್ಲಿನ ಕ್ರಷರ್ ಪುಡಿ 20, ಹಾರುಬೂದಿ 30 ಮಾಡಿದ್ದು ಶೇ 8ಕ್ಕೆ ನಿಂತಿತು. ಇದು ಕೈಗೆಟಕುವ ಮಿಶ್ರಣ. ಒಡೆದ ಇಟ್ಟಂಗಿಯ ಸುರ್ಕಿಯೂ ಬೂದಿಯ ಕೆಲಸವನ್ನೇ ಮಾಡುತ್ತದೆ, ಅರೆಯುವ ಖರ್ಚು ಮಾತ್ರ ಬೇರೆ.

ಕ್ರಷರ್ ಪುಡಿ ಕೊಳ್ಳುವಾಗ ಅದು ಯಾವ ಕಲ್ಲಿನದು ಎಂದು ಕೇಳಲೇಬೇಕು. ಶಹಾಬಾದ್ ಫರಸಿ ಕೊಯ್ಯುವ, ಪಾಲಿಶ್ ಮಾಡುವ ಕಡೆ ರಾಶಿ ಬಿದ್ದಿರುವ ಬೂದುಬಣ್ಣದ ಪುಡಿ ಪುಕ್ಕಟೆ ಸಿಗುತ್ತದೆ, ಕರಿಕಲ್ಲಿನ ಪುಡಿಯ ಹಾಗೇ ಕಾಣುತ್ತದೆ. ಅದು ಪೂರಾ ಸುಣ್ಣಕಲ್ಲು. ನವಿರಾದ ಕೆಸರು ಸ್ವಲ್ಪ ಬಿದ್ದರೆ ಒಡೆಯುವುದಿಲ್ಲ, ಆದರೆ ಅದರ ಜೊತೆ ಬರುವ ಚಿಪ್ಪು-ಚೂರು ಒಡೆಯುತ್ತವೆ. ಒಂದು ಹನಿ ಆಮ್ಲ, ಐದು ಸೆಕೆಂಡಿನ ಕೆಲಸ. ಸುಣ್ಣ ತಪ್ಪಿಸಲು ಕಾಗಿಣಾ ಬಿಟ್ಟು ಬಂದು ಪುಡಿಯ ರೂಪದಲ್ಲಿ ಅದನ್ನೇ ಮನೆಗೆ ತಂದವರಿದ್ದಾರೆ.

ಹಂಚಿಗೆ ಬಂದರೆ ಲೆಕ್ಕ ಬೇರೆ. ತೆಳ್ಳಗಿನ ವಸ್ತು, ಬಾಗಬಾರದು, ನೀರು ಸೋರಬಾರದು. ಜೇಡಿ ಇಟ್ಟಂಗಿಗಿಂತ ಹೆಚ್ಚು ಬೇಕು, ಕಾಳು 1 ಮಿಲಿಮೀಟರ್ ದಾಟಬಾರದು. ನಾಲ್ಕರಲ್ಲಿ ಹಂಚಿನ ಹತ್ತಿರ ಬಂದದ್ದು ಕೆರೆಯ ಗೋಡು 70, ಬೀದರ್ ಜೇಡಿ 30. ಒತ್ತಿ ಮಾಡುವ ನೆಲದ ಟೈಲಿನ ಕಾರ್ಖಾನೆಗೆ ಎರೆಯನ್ನು ಒಯ್ಯುವ ವಿಚಾರವನ್ನೇ ಬಿಡಬೇಕು. ಅಲ್ಲಿ ರೋಲರ್ ಭಟ್ಟಿಯಲ್ಲಿ ಟೈಲು ಒಂದು ಗಂಟೆಯ ಆಸುಪಾಸಿನಲ್ಲೇ ಹೊಕ್ಕು ಹೊರಬರುತ್ತದೆ. ಎರೆಯ ಇಂಗಾಲಕ್ಕೂ ಸುಣ್ಣದ ಗಾಳಿಗೂ ಹೊರಹೋಗಲು ಅಷ್ಟರಲ್ಲಿ ಪುರಸೊತ್ತಿಲ್ಲ. ಒಡಲಲ್ಲಿ ಕಪ್ಪು, ಗ್ಲೇಜಿನಲ್ಲಿ ಸೂಜಿ ತೂತು.

ಕೊನೆಗೆ ಉಪ್ಪಿನ ಹೂವಿನ ಪರೀಕ್ಷೆ. ಸುಟ್ಟ ಇಟ್ಟಂಗಿಯ ಒಂದು ತುದಿಯನ್ನು 25 ಮಿಲಿಮೀಟರ್ ನೀರಿರುವ ತಟ್ಟೆಯಲ್ಲಿ ನಿಲ್ಲಿಸಿ, ನೀರೆಲ್ಲ ಹೀರಿ ಆರಿದ ಮೇಲೆ ಮತ್ತೊಮ್ಮೆ ಅಷ್ಟೇ ನೀರು ಹಾಕಿ ಆರಲು ಬಿಡಬೇಕು. ಬಿಳುಪು ಮೈಯ ಶೇ 10ರೊಳಗಿದ್ದರೆ ಅಲ್ಪ, 50ರವರೆಗೆ ಮಧ್ಯಮ, ಅದಕ್ಕೂ ಮೇಲೆ ಹೆಚ್ಚು, ಪುಡಿ ಉದುರಿದರೆ ವಿಪರೀತ. ಮೊದಲ ಸಲ ಎಲ್ಲ ಇಟ್ಟಂಗಿಗಳೂ ಬಿಳಿ ತೋರಿಸಿದವು. ಬೀದರ್ ಜೇಡಿಯೂ ತೋರಿಸಿದಾಗ ಅನುಮಾನ ಬಂತು: ತಟ್ಟೆಗೆ ಹಾಕಿದ್ದು ಬೋರ್‌ವೆಲ್ ನೀರು. ಡಿಸ್ಟಿಲ್ಡ್ ನೀರಲ್ಲಿ ಮತ್ತೆ ಮಾಡಿದಾಗ ಕೆರೆಯ ಗೋಡಿನಲ್ಲಿ ಅಲ್ಪ, ಎರೆಯ ಮಿಶ್ರಣದಲ್ಲಿ ಮಧ್ಯಮ, ಉಳಿದವು ಶುಭ್ರ. ಹದ ಮಾಡುವ ನೀರೂ ಅದೇ ಬೋರ್‌ವೆಲ್ಲಿನದಾದರೆ ಉಪ್ಪು ಇಟ್ಟಂಗಿಯೊಳಗೇ ಹೋಗುತ್ತದೆ ಎಂಬುದು ಆಗ ಹೊಳೆದು, ಮಿಶ್ರಣದ ಇಟ್ಟಂಗಿಯನ್ನು ಕೆರೆ ನೀರಲ್ಲಿ ಹದ ಮಾಡಿ ಇನ್ನೊಮ್ಮೆ ಹಾಕಿದೆವು. ಅದೂ ಅಲ್ಪಕ್ಕೆ ಇಳಿಯಿತು.

ಇಷ್ಟಾದ ಮೇಲೆ ಸಾವಿರ ಇಟ್ಟಂಗಿ ನಿಜವಾದ ಭಟ್ಟಿಯಲ್ಲಿ. ಫರ್ನೇಸಿನ 900 ಡಿಗ್ರಿ ಎಲ್ಲ ಕಡೆ 900, ಭಟ್ಟಿಯಲ್ಲಿ ಹಾಗಲ್ಲ. ನಂಬರು ಕೊರೆದ ಇಟ್ಟಂಗಿಗಳನ್ನು ಬೆಂಕಿಬಾಯಿಯ ಹತ್ತಿರ, ನಟ್ಟನಡುವೆ, ಮೇಲಿನ ಸಾಲಿನಲ್ಲಿ, ಗಾಳಿ ಬಡಿಯುವ ಮೂಲೆಯಲ್ಲಿ ಇಟ್ಟು, ಎಲ್ಲಿಟ್ಟಿದ್ದು ಎಂದು ಚಿತ್ರ ಬರೆದುಕೊಳ್ಳುತ್ತೇವೆ. ತೆಗೆಯುವಾಗ ಆ ಇಟ್ಟಂಗಿಗಳ ನೀರು ಹೀರುವಿಕೆಯನ್ನು ಲ್ಯಾಬಿನ ಅಂಕಿಗೆ ಹೋಲಿಸಿದರೆ ಭಟ್ಟಿಯ ಯಾವ ಮೂಲೆ ಎಷ್ಟು ಡಿಗ್ರಿ ಕಂಡಿತು ಎಂಬುದೇ ಗೊತ್ತಾಗುತ್ತದೆ. ಮೂಲೆಯದು ಶೇ 20 ದಾಟಿದ್ದರೆ ಮಣ್ಣನ್ನು ಬದಲಿಸುವುದಕ್ಕಿಂತ ಆ ಬದಿಗೆ ಕೆಸರಿನ ಗಿಲಾಯಿ ದಪ್ಪ ಮಾಡುವುದು ಅಗ್ಗ.

ಮಣ್ಣು ತೆಗೆಯಲು ಗಣಿ ಮತ್ತು ಭೂವಿಜ್ಞಾನ ಇಲಾಖೆಯ ಕಾಗದ ಬೇರೆ ಬೇಕು. ಇಟ್ಟಂಗಿ ಮಣ್ಣು ಉಪಖನಿಜದ ಪಟ್ಟಿಯಲ್ಲಿದೆ. ರಾಸಾಯನಿಕ ವರದಿ ಮಾಡಿಸುವುದಿದ್ದರೆ ಈಗ ಮಾಡಿಸಬಹುದು, ಅದೂ ಆರಿಸಿದ ಮಿಶ್ರಣ ಒಂದಕ್ಕೆ ಮಾತ್ರ.

ಪ್ರತಿ ಚೀಲದಿಂದ 5 ಕೆಜಿ ಮಣ್ಣನ್ನು ಡಬ್ಬಿಗೆ ಹಾಕಿ ಮುಚ್ಚಿ ಇಟ್ಟಿದ್ದೇವೆ. ಕಾಗಿಣಾ ಹೊಲದವರು ಹರಳಿಲ್ಲದ ಜಾಗ ಹುಡುಕುತ್ತ ಇನ್ನೂರು ಮೀಟರ್ ಆಚೆ ಹೊಸ ಗುಂಡಿ ತೋಡಿದ್ದಾರೆ. ಜರಡಿ ಮೇಲೆ ನಿಂತ ಕಾಳುಗಳನ್ನು ಹಳೇ ಡಬ್ಬಿಯ ಕಾಳುಗಳ ಪಕ್ಕ ಬಿಳಿ ಹಾಳೆಯ ಮೇಲೆ ಹರಡಿ ಆಮ್ಲ ಹನಿಸಿದೆವು. ಹಳೆಯವು ನೊರೆ ಎದ್ದವು; ಹೊಸದರಲ್ಲಿ ನೊರೆ ಬಂದದ್ದು ಎರಡೇ ಕಾಳಿನಲ್ಲಿ.